ಮಗುವಿನ ಡೈಪರ್ ರ‍್ಯಾಶ್: ಮನೆಯಲ್ಲೇ ಎಷ್ಟು ದಿನ ನೋಡಬಹುದು, ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು?

ನನ್ನ ಮಗಳಿಗೆ ಏಳು ತಿಂಗಳಿದ್ದಾಗ ಕಿವಿ ಸೋಂಕಾಗಿ ಐದು ದಿನ ಆಂಟಿಬಯಾಟಿಕ್ ಸಿರಪ್ ಕೊಟ್ಟಿದ್ದೆವು. ಕಿವಿ ಸರಿಯಾಯಿತು, ಆದರೆ ಡೈಪರ್ ಹಾಕುವ ಜಾಗ ಕೆಂಪಾಯಿತು. ಮಾಮೂಲಿ ರ‍್ಯಾಶ್ ಅಂದುಕೊಂಡು ಕ್ರೀಮ್ ಹಚ್ಚುತ್ತಾ ಹೋದೆ. ಒಂದು ದಿನ, ಎರಡು ದಿನ, ಆರು ದಿನ. ಊರಿನಿಂದ ಬಂದ ಅಮ್ಮ ಬ್ಯಾಗ್ ಇಟ್ಟು ಕೈಕಾಲು ತೊಳೆದವರೇ ಮಗುವನ್ನು ಕಿಟಕಿ ಪಕ್ಕ ಚಾಪೆ ಮೇಲೆ ಮಲಗಿಸಿದರು. ಕಾಲು ಅಗಲಿಸಿ, ತೊಡೆಸಂದಿನ ಮಡಿಕೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಬಿಡಿಸಿದರು. ಒಳಗೆ ಹಸಿ ಮಾಂಸದಂಥ ಕೆಂಪು. ಅದರ ಅಂಚಿನಾಚೆ, ತೊಡೆಯ ಕಡೆಗೆ, ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಕೆಂಪು ಚುಕ್ಕೆ. "ಇದು ಬರೀ ಉಚ್ಚೆಗೆ ಕಂದಿದ್ದಲ್ಲ ಕಣೇ, ಸಂದಿನೊಳಗೂ ಇದೆ ನೋಡು" ಅಂದರು.

ಆರು ದಿನದಲ್ಲಿ ನಾನು ಒಂದು ಸಲವೂ ಆ ಮಡಿಕೆ ಬಿಡಿಸಿ ನೋಡಿರಲಿಲ್ಲ. ಮೇಲೆ ಕಾಣುವ ಕೆಂಪಿಗೆ ಮಾತ್ರ ಕ್ರೀಮ್ ಹಚ್ಚಿದ್ದೆ. ಅದು ಫಂಗಸ್ ಸೋಂಕು. ಸರಿಯಾದ ಮುಲಾಮು ಸಿಕ್ಕ ಮೇಲೆ ಬೇಗ ಇಳಿಯಿತು. ಅಷ್ಟು ದಿನ ಪ್ರತಿ ಸಲ ತೊಳೆಯುವಾಗಲೂ ಮಗು ಚೀರುತ್ತಿದ್ದದ್ದು ನೆನೆದರೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಮಗುವಿಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಇದು ಯಾಕೆ ಆಗುತ್ತದೆ

ಬಹುಪಾಲು ಡೈಪರ್ ರ‍್ಯಾಶ್ ರೋಗವಲ್ಲ, ಚರ್ಮಕ್ಕೆ ಆದ ಕಿರಿಕಿರಿ. ಒದ್ದೆಯಲ್ಲಿ ಹೊತ್ತು ಕಳೆದ ಚರ್ಮ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಡೈಪರ್ ಉಜ್ಜಿದರೆ ಬೇಗ ಕಿತ್ತುಹೋಗುತ್ತದೆ. ಮಲದಲ್ಲಿ ಜೀರ್ಣ ಮಾಡುವ ಎಂಜೈಮ್‌ಗಳು ಉಳಿದಿರುತ್ತವೆ. ಉಚ್ಚೆ ಮತ್ತು ಮಲ ಒಟ್ಟಿಗೆ ಬೆರೆತರೆ ಅವು ಇನ್ನಷ್ಟು ಚುರುಕಾಗಿ ಚರ್ಮವನ್ನು ತಿನ್ನುತ್ತವೆ. ಹಾಗಾಗಿ ಬರೀ ಉಚ್ಚೆಯಾದ ಡೈಪರ್‌ಗಿಂತ ಕಕ್ಕ ಆದ ಡೈಪರ್ ಹೆಚ್ಚು ಕೆಟ್ಟದ್ದು. ಭೇದಿ ಶುರುವಾದರೆ ಒಂದೇ ದಿನದಲ್ಲಿ ಅಂಡು ಕೆಂಡದಂತಾಗುವುದೂ ಇದರಿಂದಲೇ. ಆರು ತಿಂಗಳಾಗಿ ರಾಗಿ ಸರಿ, ಬಾಳೆಹಣ್ಣು ಕೊಡಲು ಶುರು ಮಾಡಿದಾಗ ಮಲ ಬದಲಾಗುತ್ತದೆ. ಆಗಲೂ ರ‍್ಯಾಶ್ ಜಾಸ್ತಿ.

ಬಟ್ಟೆ ಲಂಗೋಟಿ ಕಟ್ಟುವವರಿಗೆ ಇದು ಬರುವುದೇ ಇಲ್ಲ ಎಂದು ಕೆಲವರು ಹೇಳುತ್ತಾರೆ. ನಿಜವಲ್ಲ. ಒದ್ದೆಯಾದ ತಕ್ಷಣ ಬದಲಿಸಿದರೆ ಬಟ್ಟೆ ಒಳ್ಳೆಯದೇ. ಒದ್ದೆ ಬಟ್ಟೆಯಲ್ಲೇ ಮಗು ರಾತ್ರಿಯೆಲ್ಲ ಮಲಗಿದರೆ ಡೈಪರ್‌ಗಿಂತ ಕಷ್ಟ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಪೂರ್ತಿ ಒಣಗುವುದಿಲ್ಲ ಅಲ್ವಾ, ಆಗ ಇಸ್ತ್ರಿ ಹಾಕಿ ತೇವ ತೆಗೆದೇ ಕಟ್ಟಿ. ಸೋಪು, ಡೆಟಾಲ್ ವಾಸನೆ ಬರುವ ಬಟ್ಟೆಯನ್ನು ಇನ್ನೊಮ್ಮೆ ಬರೀ ನೀರಿನಲ್ಲಿ ಜಾಲಿಸಿ.

ಹೆಜ್ಜೆ 1: ಹಗಲು ಬೆಳಕಿನಲ್ಲಿ, ಮಡಿಕೆ ಬಿಡಿಸಿ ನೋಡಿ

ರಾತ್ರಿ ಮಂಕು ದೀಪದಲ್ಲಿ ನೋಡಿ ನಿರ್ಧಾರ ಮಾಡಬೇಡಿ. ಮಗುವನ್ನು ಕಿಟಕಿ ಹತ್ತಿರ ಮಲಗಿಸಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒತ್ತಿ ಒರೆಸಿ, ಆಮೇಲೆ ನೋಡಿ. ಮೇಲೆ ಕ್ರೀಮ್ ಮೆತ್ತಿಕೊಂಡಿದ್ದರೆ ಕೆಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ.

ಮುಖ್ಯವಾಗಿ ನೋಡಬೇಕಾದ್ದು ಜಾಗ. ಕಿರಿಕಿರಿಯಿಂದ ಬಂದ ಮಾಮೂಲಿ ರ‍್ಯಾಶ್ ಡೈಪರ್ ತಾಗುವ ಉಬ್ಬು ಜಾಗಗಳಲ್ಲಿ ಇರುತ್ತದೆ: ಅಂಡಿನ ಮೇಲೆ, ತೊಡೆಯ ಒಳಭಾಗದಲ್ಲಿ, ಕೆಳಹೊಟ್ಟೆಯಲ್ಲಿ. ತೊಡೆಸಂದಿನ ಮಡಿಕೆಯ ಒಳಗೆ ಮಲ, ಉಚ್ಚೆ ಅಷ್ಟಾಗಿ ತಲುಪುವುದಿಲ್ಲ. ಅದಕ್ಕೇ ಅಲ್ಲಿನ ಚರ್ಮ ಚೆನ್ನಾಗಿರುತ್ತದೆ. ಮಡಿಕೆಯ ಒಳಗೇ ಕೆಂಪಾಗಿದ್ದರೆ, ಅಂಚು ಗೆರೆ ಎಳೆದ ಹಾಗೆ ಸ್ಪಷ್ಟವಾಗಿದ್ದರೆ, ಆಚೆ ಬಿಡಿಬಿಡಿ ಚುಕ್ಕೆಗಳಿದ್ದರೆ ಅದು ಫಂಗಸ್ ಇರುವ ಸಾಧ್ಯತೆ ಜಾಸ್ತಿ. ಆಗ ಮಗುವಿನ ಬಾಯಿಯನ್ನೂ ನೋಡಿ. ನಾಲಿಗೆ ಮೇಲೆ, ಕೆನ್ನೆಯ ಒಳಗೆ ಮೊಸರಿನಂಥ ಬಿಳಿ ಅಂಟಿಕೊಂಡು ಒರೆಸಿದರೂ ಹೋಗದಿದ್ದರೆ ಅದೇ ಫಂಗಸ್ ಬಾಯಲ್ಲೂ ಇರಬಹುದು. ಆಂಟಿಬಯಾಟಿಕ್ ಕೊಟ್ಟ ಮೇಲೆ ಇದು ಹೆಚ್ಚು. ಹಾಲೂಡಿಸುವ ತಾಯಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೂ ಬರಬಹುದು.

ಇನ್ನೊಂದು ಮಾತು. ರ‍್ಯಾಶ್ ಅಂದರೆ ಕೆಂಪು ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ಮಕ್ಕಳ ಮೈಬಣ್ಣ ಸ್ವಲ್ಪ ಗಾಢ. ಕಪ್ಪು ಮೈಬಣ್ಣದ ಮಗುವಿನಲ್ಲಿ ಅದು ಕಂದು, ನೇರಳೆ ಅಥವಾ ಸುತ್ತಲಿಗಿಂತ ಕಪ್ಪಾಗಿ ಕಾಣಬಹುದು. ಬಣ್ಣ ನೋಡಿ "ಏನೂ ಆಗಿಲ್ಲ" ಅನ್ನಬೇಡಿ. ಕೈಯ ಹಿಂಬದಿಯಿಂದ ಮುಟ್ಟಿ ನೋಡಿ: ಬಿಸಿಯಾಗಿದೆಯಾ, ಊದಿದೆಯಾ, ಹೊಳೆಯುತ್ತಿದೆಯಾ, ಮುಟ್ಟಿದರೆ ಮಗು ಕಾಲು ಎಳೆದುಕೊಳ್ಳುತ್ತದಾ?

ಸೊಂಟದ ಸುತ್ತ ಗೆರೆಯಂತೆ ಕೆಂಪಾಗಿದ್ದರೆ ಉಡಿದಾರ ನೋಡಿ. ಅದು ಒದ್ದೆಯಾಗಿ ಡೈಪರ್ ಕೆಳಗೆ ಸಿಕ್ಕಿ ಉಜ್ಜುತ್ತಿರುತ್ತದೆ. ಸ್ವಲ್ಪ ದಿನ ಬಿಚ್ಚಿಡಿ. ಮನೆಯ ಹಿರಿಯರಿಗೆ ಬೇಸರವಾದರೆ ಡಾಕ್ಟರ್ ಹೇಳಿದ್ದಾರೆ ಅನ್ನಿ, ಒಪ್ಪುತ್ತಾರೆ.

ಹೆಜ್ಜೆ 2: ಮೂರು ದಿನ ಸರಿಯಾಗಿ ನೋಡಿಕೊಳ್ಳಿ

ಮಡಿಕೆ ಚೆನ್ನಾಗಿದೆ, ಮಗು ಆಡುತ್ತಿದೆ, ಹಾಲು ಕುಡಿಯುತ್ತಿದೆ, ಜ್ವರ ಇಲ್ಲ, ಚರ್ಮ ಕಿತ್ತಿಲ್ಲ. ಹಾಗಿದ್ದರೆ ಮನೆಯಲ್ಲೇ ನೋಡಬಹುದು. ಆದರೆ ಆ ಮೂರು ದಿನ ಅರೆಬರೆ ಮಾಡಿದರೆ ಲೆಕ್ಕಕ್ಕೆ ಬರುವುದಿಲ್ಲ.

ಎರಡು ಮೂರು ಗಂಟೆಗೊಮ್ಮೆ ಡೈಪರ್ ಬದಲಿಸಿ. ಕಕ್ಕ ಆದರೆ ಆ ಕ್ಷಣವೇ. ರಾತ್ರಿಯೂ ಒಂದು ಸಲ ಎದ್ದು ನೋಡಿ. ತುಂಬಿದ ಮೇಲೆ ಬದಲಿಸೋಣ ಎನ್ನುವ ಉಳಿತಾಯ ಈ ಮೂರು ದಿನ ಬೇಡ. ವೈಪ್ಸ್ ಬಿಟ್ಟುಬಿಡಿ. ಚರ್ಮ ಒಡೆದಾಗ ಅದರಲ್ಲಿರುವ ಸುವಾಸನೆ, ರಾಸಾಯನಿಕ ಉರಿಸುತ್ತದೆ. ಹತ್ತಿ ಅಥವಾ ಹಳೇ ಪಂಚೆಯ ಮೆತ್ತನೆ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಒರೆಸಿ, ಇಲ್ಲವೇ ಚೊಂಬಿನಿಂದ ನೀರು ಹುಯ್ಯುತ್ತಾ ತೊಳೆಯಿರಿ. ಹೆಣ್ಣುಮಗುವನ್ನು ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು.

ಆಮೇಲೆ ಗಾಳಿಗೆ ಬಿಡಿ. ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಕೆಳಗೆ ದಪ್ಪ ಬಟ್ಟೆ ಹಾಸಿ ಸುಮ್ನೆ ಬಿಡಿ. ನನ್ನ ಅನುಭವದಲ್ಲಿ ಯಾವ ಕ್ರೀಮ್‌ಗಿಂತಲೂ ಹೆಚ್ಚು ಕೆಲಸ ಮಾಡುವುದು ಇದೇ. ಚಾಪೆ ಒದ್ದೆಯಾಗುತ್ತದೆ, ಆಗಲಿ ಬಿಡಿ.

ಪೂರ್ತಿ ಒಣಗಿದ ಮೇಲೆ ಝಿಂಕ್ ಆಕ್ಸೈಡ್ ಇರುವ ಕ್ರೀಮ್ ಅಥವಾ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ತೆಳ್ಳಗೆ ಸವರಿದರೆ ಉಪಯೋಗವಿಲ್ಲ. ಚರ್ಮ ಕಾಣದಷ್ಟು ದಪ್ಪಗೆ, ಗೋಡೆಗೆ ಗಾರೆ ಮೆತ್ತಿದ ಹಾಗೆ ಇರಬೇಕು. ಅದು ಔಷಧಿಗಿಂತ ಹೆಚ್ಚಾಗಿ ತಡೆಗೋಡೆ. ಮುಂದಿನ ಸಲ ಡೈಪರ್ ಬದಲಿಸುವಾಗ ಕ್ರೀಮನ್ನೆಲ್ಲ ತಿಕ್ಕಿ ತೆಗೆಯಬೇಡಿ. ಮೇಲಿನ ಗಲೀಜು ಪದರ ಮಾತ್ರ ಒರೆಸಿ, ಉಳಿದದ್ದರ ಮೇಲೇ ಇನ್ನೊಂದು ಪದರ ಹಚ್ಚಿ. ತಿಕ್ಕುವುದರಿಂದಲೇ ಎಷ್ಟೋ ರ‍್ಯಾಶ್ ವಾಸಿಯಾಗದೆ ಉಳಿಯುತ್ತದೆ.

ಎಣ್ಣೆ ಸ್ನಾನ ನಿಲ್ಲಿಸಬೇಕಿಲ್ಲ. ಆದರೆ ಕಡಲೆಹಿಟ್ಟು ಹಾಕಿ ಅಲ್ಲಿ ಉಜ್ಜುವುದು, ಸುಡುವಂಥ ಬಿಸಿನೀರು ಎರಡೂ ಬೇಡ.

ಹಚ್ಚಬಾರದ್ದು

ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಹಳ ಮನೆಗಳಲ್ಲಿ ಡ್ರಾಯರ್ ಒಳಗೆ ಅರ್ಧ ಬಳಸಿದ ಒಂದು ಟ್ಯೂಬ್ ಇರುತ್ತದೆ. ಅಪ್ಪನ ತುರಿಕೆಗೆ, ಅತ್ತೆಯ ಗಜಕರ್ಣಕ್ಕೆ ತಂದದ್ದು. ಫಂಗಸ್ ಔಷಧಿ, ಆಂಟಿಬಯಾಟಿಕ್, ಸ್ಟಿರಾಯ್ಡ್ ಮೂರೂ ಸೇರಿಸಿದ ಮುಲಾಮು ಅದು. ಮಗುವಿಗೆ ಹಚ್ಚಿದರೆ ಎರಡೇ ದಿನದಲ್ಲಿ ಕೆಂಪು ಮಾಯವಾಗುತ್ತದೆ. ಅದಕ್ಕೇ ಎಲ್ಲರೂ ನಂಬುತ್ತಾರೆ. ಆದರೆ ಸ್ಟಿರಾಯ್ಡ್ ಕೆಂಪನ್ನು ಮುಚ್ಚುತ್ತದೆ ಅಷ್ಟೇ. ಒಳಗಿನ ಸೋಂಕು ಉಳಿದು, ನಿಲ್ಲಿಸಿದ ತಕ್ಷಣ ಮತ್ತೆ ಕೆಣಕಿಕೊಂಡು ಬರುತ್ತದೆ. ಮಗುವಿನ ಚರ್ಮ ತೆಳು. ಮೇಲೆ ಡೈಪರ್ ಮುಚ್ಚಿರುವುದರಿಂದ ಮುಲಾಮು ಇನ್ನೂ ಜಾಸ್ತಿ ಒಳಗಿಳಿಯುತ್ತದೆ. ಚರ್ಮ ಕಾಗದದಂತಾಗುತ್ತದೆ. ವಾರಗಟ್ಟಲೆ ಹಚ್ಚಿದರೆ ದೇಹದೊಳಗಿನ ಹಾರ್ಮೋನಿನ ಲಯವೂ ಕೆಡಬಹುದು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರು ಕಂಡರೆ ಮುಚ್ಚಳ ತೆರೆಯಬೇಡಿ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ಮೆಡಿಕಲ್ ಶಾಪಿನಲ್ಲಿ "ಮಗುವಿಗೆ ರ‍್ಯಾಶ್ ಆಗಿದೆ, ಏನಾದರೂ ಕೊಡಿ" ಅಂದರೆ ಸಿಕ್ಕಿಬಿಡುತ್ತದೆ. ಹಾಗೆ ಕೇಳಬೇಡಿ. "ಝಿಂಕ್ ಆಕ್ಸೈಡ್ ಕ್ರೀಮ್ ಕೊಡಿ" ಅಂತ ಹೆಸರು ಹೇಳಿ ಕೇಳಿ. ಡಾಕ್ಟರೇ ನೋಡಿ, ಕಡಿಮೆ ಶಕ್ತಿಯ ಸ್ಟಿರಾಯ್ಡನ್ನು ಕೆಲವೇ ದಿನಕ್ಕೆ ಬರೆದರೆ ಅದು ಬೇರೆ ಮಾತು.

ಬೋರಿಕ್ ಪೌಡರ್ ಕೂಡ ಬೇಡವೇ ಬೇಡ. ಒಡೆದ ಚರ್ಮದ ಮೂಲಕ ಅದು ರಕ್ತಕ್ಕೆ ಸೇರಿ ಮಗುವಿಗೆ ವಿಷವಾಗುತ್ತದೆ. ಟಾಲ್ಕಂ ಪೌಡರ್ ಉದುರಿಸಿದರೆ ಮಗು ಅದನ್ನು ಉಸಿರಲ್ಲಿ ಎಳೆದುಕೊಳ್ಳುತ್ತದೆ, ಸಂದಿಯಲ್ಲಿ ಗಂಟುಕಟ್ಟಿ ಉಜ್ಜುತ್ತದೆ. ಕಿತ್ತ ಚರ್ಮಕ್ಕೆ ಅರಿಶಿನ, ಬೇವಿನ ಸೊಪ್ಪು ಅರೆದು ಹಚ್ಚುವುದೂ ಉರಿಗೆ ದಾರಿ.

ಹೆಜ್ಜೆ 3: ದಿನಕ್ಕೊಂದು ಫೋಟೋ

ಪ್ರತಿದಿನ ನೋಡುವವರಿಗೆ ಬದಲಾವಣೆ ಗೊತ್ತಾಗುವುದಿಲ್ಲ. ಬೆಳಗ್ಗೆ ಅದೇ ಕಿಟಕಿ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ಮೊದಲ ದಿನದ್ದಕ್ಕೂ ಮೂರನೇ ದಿನದ್ದಕ್ಕೂ ಹೋಲಿಸಿ. ಡಾಕ್ಟರ್‌ಗೆ ತೋರಿಸಲೂ ಬರುತ್ತದೆ. ಅದು ಮಗುವಿನ ಫೋಟೋ, ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ, ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ಮಾಮೂಲಿ ರ‍್ಯಾಶ್ ಸರಿಯಾಗಿ ನೋಡಿಕೊಂಡರೆ ಎರಡು ಮೂರು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಪೂರ್ತಿ ಹೋಗಬೇಕೆಂದಿಲ್ಲ, ಇಳಿಮುಖ ಆಗಿರಬೇಕು.

ಹೆಜ್ಜೆ 4: ಒಂದೆರಡು ದಿನದೊಳಗೆ ಡಾಕ್ಟರ್‌ಗೆ ತೋರಿಸಬೇಕಾದದ್ದು

ಮೂರು ದಿನ ಕಳೆದರೂ ಹಾಗೇ ಇದೆ, ಅಥವಾ ಹರಡುತ್ತಿದೆ. ಮಡಿಕೆಯೊಳಗೆ ಕೆಂಪಿದೆ, ಸುತ್ತ ಚುಕ್ಕೆಗಳಿವೆ. ಇಂಥ ಫಂಗಸ್‌ಗೆ ಝಿಂಕ್ ಕ್ರೀಮ್ ಒಂದೇ ಸಾಲದು, ಫಂಗಸ್ ಮುಲಾಮು ಬೇಕು. ಇದಕ್ಕೆ ಮೂರು ದಿನ ಕಾಯುವುದೂ ಬೇಡ.

ಮಲದ್ವಾರದ ಸುತ್ತ ಮಾತ್ರ ಉಂಗುರದ ಹಾಗೆ ಗಾಢ ಕೆಂಪಾಗಿ, ಕಕ್ಕ ಮಾಡುವಾಗ ಮಗು ನೋವಿನಿಂದ ಅಳುತ್ತಿದ್ದರೆ, ಮಲದ ಮೇಲೆ ರಕ್ತದ ಗೆರೆ ಕಂಡರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿರಬಹುದು. ಇದಕ್ಕೆ ಸಾಮಾನ್ಯವಾಗಿ ಬಾಯಿಗೆ ಕೊಡುವ ಔಷಧಿಯೇ ಬೇಕಾಗುತ್ತದೆ. ಬೆಲ್ಲದ ಪಾಕ ಒಣಗಿದ ಹಾಗೆ ಹಳದಿ ಹೆಕ್ಕಳೆ ಕಟ್ಟುವುದು, ಒಂದೆರಡು ಕೀವುಗುಳ್ಳೆ, ರಸ ಸೋರುವುದು ಇವೂ ಬ್ಯಾಕ್ಟೀರಿಯಾದ ಗುರುತು.

ಡೈಪರ್ ಇಲ್ಲದ ಜಾಗದಲ್ಲೂ ರ‍್ಯಾಶ್ ಇದ್ದರೆ ಅದನ್ನು ಡೈಪರ್ ರ‍್ಯಾಶ್ ಅಂತ ಕರೆಯುವುದೇ ತಪ್ಪು. ಅಂಗೈ, ಅಂಗಾಲಿನಲ್ಲೂ ಗುಳ್ಳೆ ಎದ್ದು, ರಾತ್ರಿ ನಿದ್ದೆ ಮಾಡದೆ ಹೊರಳಾಡಿ, ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ ಕಜ್ಜಿ ಇರಬಹುದು. ಆಗ ಇಡೀ ಮನೆಗೆ ಔಷಧಿ ಮಾಡಬೇಕು. ಬಾಯಿಯ ಸುತ್ತ, ಮಲದ್ವಾರದ ಸುತ್ತ, ಬೆರಳುಗಳ ಮೇಲೆ ಒಂದೇ ಥರದ ಹುಣ್ಣಾಗಿ, ಜೊತೆಗೆ ಭೇದಿ, ಕೂದಲು ಉದುರುವುದು, ಸದಾ ಕಿರಿಕಿರಿ ಇದ್ದರೆ ದೇಹದಲ್ಲಿ ಝಿಂಕ್ ಕೊರತೆ ಆಗಿರಬಹುದು. ಇದು ಅಪರೂಪ. ಆದರೆ ಎಷ್ಟು ಕ್ರೀಮ್ ಹಚ್ಚಿದರೂ ಹೋಗದ, ಔಷಧಿ ಬಾಯಿಗೆ ಕೊಟ್ಟರೆ ಚೆನ್ನಾಗಿ ವಾಸಿಯಾಗುವ ತೊಂದರೆ ಆದ್ದರಿಂದ ಹೇಳುತ್ತಿದ್ದೇನೆ.

ಉಚ್ಚೆ ಮಾಡುವಾಗ ಪ್ರತಿ ಸಲ ಅಳುವುದನ್ನು ರ‍್ಯಾಶ್ ಉರಿ ಅಂದುಕೊಳ್ಳುತ್ತೇವೆ. ಜೊತೆಗೆ ಜ್ವರವೂ ಇದ್ದರೆ ಮೂತ್ರದ ಸೋಂಕು ಇರಬಹುದು, ಅವತ್ತೇ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ.

ಹೆಜ್ಜೆ 5: ಬೆಳಗಾಗುವವರೆಗೆ ಕಾಯಬಾರದ್ದು

ಮಗು ಎಷ್ಟು ಚಿಕ್ಕದೋ ಅಷ್ಟು ಬೇಗ ಹೊರಡಬೇಕು. ಎರಡು ತಿಂಗಳೊಳಗಿನ ಮಗುವಿಗೆ ಜ್ವರ ಇದ್ದರೆ, ಅಂದರೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 99.5 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ರ‍್ಯಾಶ್ ಸಣ್ಣದಿರಲಿ ದೊಡ್ಡದಿರಲಿ, ಹೊರಡಿ. ಮೂರನೇ ತಿಂಗಳಲ್ಲಿರುವ ಮಗುವಿಗೂ 100.4 ಮುಟ್ಟಿದರೆ ಅದೇ ಮಾತು. ಮೈ ತಣ್ಣಗಾಗಿದ್ದರೂ ಅಷ್ಟೇ ಅಪಾಯ. ಎಳೆ ಮಗುವಿನ ಮೈಮೇಲೆ ಕೀವುಗುಳ್ಳೆ ಕಂಡರೆ ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಗುಳ್ಳೆಗಳಿದ್ದರೆ, ಇಲ್ಲವೇ ಒಂದೇ ದೊಡ್ಡ ಕುರು ಇದ್ದರೂ, ಅದನ್ನು ಗಂಭೀರ ಸೋಂಕೆಂದೇ ತಿಳಿದು ಆಸ್ಪತ್ರೆಗೆ ಕಳಿಸಬೇಕೆಂಬುದು ನಮ್ಮ ಸರ್ಕಾರಿ ಆರೋಗ್ಯ ಕಾರ್ಯಕರ್ತರಿಗೆ ಕೊಡುವ ತರಬೇತಿಯಲ್ಲೇ ಇದೆ. ಹತ್ತಕ್ಕಿಂತ ಕಡಿಮೆ ಇದ್ದರೂ ಅವತ್ತೇ ತೋರಿಸಿ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ ಬಟ್ಟೆ ಬಿಚ್ಚಿ ತೋರಿಸಿ. ತೊಟ್ಟಿಲಲ್ಲಿ ಸುತ್ತಿ ಮಲಗಿಸಿದ ಮಗುವನ್ನು ನೋಡಿ ಅವರೇನು ಹೇಳಲು ಸಾಧ್ಯ?

ಯಾವ ವಯಸ್ಸಿನ ಮಗುವಾದರೂ ಇವು ತುರ್ತು: ಸುಟ್ಟ ಗಾಯದ ಹಾಗೆ ಚರ್ಮ ಸುಲಿಯುವುದು, ಮುಟ್ಟಿದರೆ ಒದ್ದೆ ಕಾಗದದಂತೆ ಕಿತ್ತು ಬರುವುದು, ದೊಡ್ಡ ದೊಡ್ಡ ನೀರುಗುಳ್ಳೆ. ಕೆಂಪು ಗಂಟೆ ಗಂಟೆಗೂ ಹರಡುತ್ತಾ ಗಟ್ಟಿಯಾಗಿ ಊದಿಕೊಳ್ಳುವುದು. ಗಾಜಿನ ಲೋಟ ಒತ್ತಿದರೂ ಮಾಸದ ನೇರಳೆ ಚುಕ್ಕೆಗಳು. ಮಗು ಹಾಲು ಬಿಟ್ಟು, ಮಂಕಾಗಿ, ಎಬ್ಬಿಸಿದರೂ ಏಳದಿರುವುದು. ಭೇದಿಯ ಜೊತೆ ನೆತ್ತಿ ಗುಳಿಬಿದ್ದು, ಆರು ಗಂಟೆಯಾದರೂ ಉಚ್ಚೆ ಮಾಡದಿರುವುದು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಮಗು ಎಚ್ಚರವಿದ್ದು ಕುಡಿಯುವಂತಿದ್ದರೆ ಮಾತ್ರ ದಾರಿಯಲ್ಲಿ ಹಾಲೂಡಿಸುತ್ತಾ, ಮೈಗೆ ಬೆಚ್ಚಗೆ ಹೊದಿಸಿ ಕರೆದುಕೊಂಡು ಹೋಗಿ.

ಹೆಜ್ಜೆ 6: ಡಾಕ್ಟರ್ ಮುಂದೆ

ಹಚ್ಚಿದ ಎಲ್ಲ ಟ್ಯೂಬ್, ಪೌಡರ್, ಎಣ್ಣೆಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೈಯುತ್ತಾರೆ ಅಂತ ಆ ಸ್ಟಿರಾಯ್ಡ್ ಟ್ಯೂಬನ್ನು ಬಚ್ಚಿಡಬೇಡಿ, ಅದು ಗೊತ್ತಾಗದಿದ್ದರೆ ರ‍್ಯಾಶ್ ಯಾವುದು ಅಂತ ಅವರಿಗೆ ತಿಳಿಯುವುದೇ ಕಷ್ಟ. ಹೋಗುವ ಮುನ್ನ ದಪ್ಪ ಕ್ರೀಮ್ ಹಚ್ಚಬೇಡಿ. ಯಾವತ್ತು ಶುರುವಾಯಿತು, ಅದಕ್ಕೆ ಮುಂಚೆ ಆಂಟಿಬಯಾಟಿಕ್ ಕೊಟ್ಟಿದ್ದಿರಾ, ಭೇದಿ ಇತ್ತಾ, ಹೊಸ ಡೈಪರ್ ಅಥವಾ ಹೊಸ ಸೋಪು ತಂದಿರಾ, ಹೊಸ ಆಹಾರ ಏನು ಕೊಟ್ಟಿರಿ, ಇಷ್ಟು ನೆನಪಿಟ್ಟುಕೊಂಡರೆ ಸಾಕು. ಮಡಿಕೆ ಬಿಡಿಸಿ ನೋಡದೆಯೇ ಚೀಟಿ ಬರೆಯಲು ಹೊರಟರೆ "ಸಂದಿನೊಳಗೂ ಇದೆ, ಒಮ್ಮೆ ನೋಡಿ ಸರ್" ಅಂತ ನೀವೇ ತೋರಿಸಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಮುಲಾಮು ಕೊಟ್ಟರೆ ಮೂರು ಪ್ರಶ್ನೆ ಕೇಳಿ: ಇದರಲ್ಲಿ ಸ್ಟಿರಾಯ್ಡ್ ಇದೆಯಾ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಔಷಧಿ ಮೊದಲು ತೆಳ್ಳಗೆ, ಚರ್ಮದ ಮೇಲೆ ನೇರವಾಗಿ. ಅದು ಇಂಗಿದ ಮೇಲೆ ಝಿಂಕ್ ಕ್ರೀಮ್ ದಪ್ಪಗೆ. ತಿರುವುಮುರುವಾದರೆ ಔಷಧಿ ಚರ್ಮಕ್ಕೆ ತಾಗುವುದೇ ಇಲ್ಲ. ಹಚ್ಚುವ ಮೊದಲೂ ಆಮೇಲೂ ಕೈ ತೊಳೆಯಿರಿ. ಬಾಯಲ್ಲಿ ಬಿಳಿ ಇದ್ದು, ಹಾಲೂಡಿಸುವಾಗ ನಿಮಗೆ ಮೊಲೆತೊಟ್ಟು ಉರಿಯುತ್ತಿದ್ದರೆ ಅದನ್ನೂ ಹೇಳಿ. ಇಬ್ಬರಿಗೂ ಒಟ್ಟಿಗೆ ಔಷಧಿ ಮಾಡದಿದ್ದರೆ ಒಬ್ಬರಿಂದ ಒಬ್ಬರಿಗೆ ಓಡಾಡುತ್ತಿರುತ್ತದೆ.

ನಮ್ಮ ಮನೆಯಲ್ಲಿ ಮುಲಾಮು ಶುರು ಮಾಡಿದ ಮೂರನೇ ದಿನಕ್ಕೆ ಕೆಂಪು ಹೋಯಿತು, ನಾನು ನಿಲ್ಲಿಸಲು ಹೊರಟಿದ್ದೆ. ಚೀಟಿಯಲ್ಲಿ ಹತ್ತು ದಿನ ಅಂತಿತ್ತು. ಅಮ್ಮ ಕ್ಯಾಲೆಂಡರಿನಲ್ಲಿ ಹತ್ತನೇ ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿ, ಟ್ಯೂಬನ್ನು ಡೈಪರ್ ಡಬ್ಬಿಯ ಮೇಲೇ ಇಟ್ಟರು. ನಿಮಗೆ ಬರೆದುಕೊಟ್ಟಷ್ಟು ದಿನವೂ ಹಾಗೇ ಹಚ್ಚಿ. ಹಚ್ಚುತ್ತಿದ್ದರೂ ಎರಡು ಮೂರು ದಿನದಲ್ಲಿ ಇಳಿಯುವ ಲಕ್ಷಣ ಕಾಣದಿದ್ದರೆ, ಅಥವಾ ವಾಸಿಯಾಗಿ ತಿಂಗಳೊಳಗೆ ಮತ್ತೆ ಮತ್ತೆ ಬರುತ್ತಿದ್ದರೆ, ಅದೇ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ. ಮಗುವನ್ನು ಎತ್ತಿಕೊಂಡು ಡಾಕ್ಟರ್ ಹತ್ತಿರವೇ ಹೋಗಿ.